ಫ್ಲೂ ಮದ್ದಿನ ಗುಣದೋಷಗಳು

ಕನ್ನಡದಲ್ಲಿ ‘ಮದ್ದು ಕೊಟ್ಟರು’ ಎಂದರೆ ಔಷಧ. ‘ಮದ್ದು ಹಾಕಿದರು’ ಎಂದರೆ ವಿಷ. ಒಂದೇ ಮಾತಿಗೆ ಎರಡು ಮುಖ. ಫ್ಲೂ ಜ್ವರದ ಗುಳಿಗೆಯ ವಿಷಯದಲ್ಲಿಯೂ ಜನರಿಗೆ ಈ ಎರಡು ಬಗೆಯ ಭಾವನೆಯುಂಟು.

2009ರಲ್ಲಿ ಎಚ್1ಎನ್1 ಜ್ವರ ಕರ್ನಾಟಕವನ್ನು ಹೊಕ್ಕಾಗ, ಟ್ಯಾಮಿಫ್ಲೂ ಎಂದು ಮಾರಾಟವಾಗುವ ಒಸೆಲ್ಟಾಮಿವಿರ್ ಮದ್ದಿನ ಹೆಸರು ಎಲ್ಲರ ಕಿವಿಗೂ ಬಿದ್ದಿತು. ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡುಗಳಿಗೆ ಹೋಗುವ ಯಾತ್ರಿಕರೊಡನೆ ಇಂತಹ ಜ್ವರವೂ ಪಯಣಿಸಬಲ್ಲುದು. ಆದುದರಿಂದ ನಾವು ತಿಳಿದಿರುವುದು ಒಳಿತು.

ಜ್ವರ ಬಂದ 48 ಗಂಟೆಗಳೊಳಗೆ ತೊಡಗಿದರೆ ಇದರ ಫಲ ಹೆಚ್ಚು. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆರಡು ಬಾರಿ, 5 ದಿನ. ಹೊಟ್ಟೆ ತೊಳಸುವುದು, ವಾಂತಿ, ತಲೆನೋವು ಇವು ಹೆಚ್ಚಾಗಿ ಕಾಣುವ ತೊಂದರೆಗಳು. ಬಹುಮಟ್ಟಿಗೆ ಮೊದಲೆರಡು ದಿನಗಳಲ್ಲಿ ತೋರಿ ತಾವೇ ಅಡಗುತ್ತವೆ. ಗಂಜಿಯನ್ನೋ ಅನ್ನವನ್ನೋ ಉಂಡು ನುಂಗಿದರೆ ಉಪದ್ರವ ಕಡಿಮೆ. ಇಷ್ಟಕ್ಕೇ ಅಂಜಿ ನಡುವೆ ನಿಲ್ಲಿಸಬಾರದು.

ಮೈಮೇಲೆ ಗುಳ್ಳೆ, ಮುಖದ ಊತ, ಉಸಿರಾಟದ ಕಷ್ಟ ಕಂಡರೆ ಮಾತ್ರ ಮದ್ದನ್ನು ನಿಲ್ಲಿಸಿ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ಮೂತ್ರಪಿಂಡದ ರೋಗವುಳ್ಳವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಪ್ರಮಾಣ ಬೇರೆ.

ಮಕ್ಕಳು ಭ್ರಮೆಗೊಂಡು ಬಡಬಡಿಸುವುದೂ ವಿರಳವಾಗಿ ಉಂಟು. ಈ ಶಂಕೆಯಿಂದ ಜಪಾನು 2007ರಲ್ಲಿ, 10ರಿಂದ 19 ವಯಸ್ಸಿನವರಿಗೆ ಇದನ್ನು ಕೊಡದಂತೆ ಸೂಚಿಸಿತು. ಮದ್ದು ನುಂಗದ ಫ್ಲೂ ರೋಗಿಗಳಲ್ಲಿಯೂ ಅಂತಹ ವರ್ತನೆ ಕಂಡುದರಿಂದ 2018ರಲ್ಲಿ ಆ ನಿರ್ಬಂಧವನ್ನು ತೆಗೆಯಿತು. ಆದರೂ ಜ್ವರ ಬಂದ ಮಗುವಿನ ಬಳಿ ಮೊದಲೆರಡು ದಿನ ಹಗಲಿರುಳು ಒಬ್ಬರಿರಲಿ.

ವೈದ್ಯರ ಚೀಟಿಯಿಲ್ಲದೆ ಈ ಮದ್ದನ್ನು ಕೊಳ್ಳಬೇಡಿ. ಹೊಟ್ಟೆ ತೊಳಸಿತೆಂದು, ಅವರನ್ನು ಕೇಳದೆ ಬಿಡಲೂ ಬೇಡಿ.