ಸೂಜಿ–ದಾರಕ್ಕೂ ಸ್ವಲ್ಪ ಸಮಯ ಕೊಡೋಣ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆ ಅಂದ ಕೂಡಲೇ ಉಳಿತಾಯ, ಸಾಲ, ಕಂತು, ಬಡ್ಡಿ ಇವೇ ನಮ್ಮ ಮಾತುಗಳು. ಹೊಲಿಗೆಯ ಮಾತೆತ್ತಿದರೆ, "ಸಿಸ್ಟರ್, ಇದರಿಂದ ತಿಂಗಳಿಗೆ ಎಷ್ಟು ಬರ್ತದೆ?" ಅಂತ ಮೊದಲು ಕೇಳ್ತೀರಿ. ಕೇಳುವುದು ತಪ್ಪಲ್ಲ. ಮನೆ ನಡೆಸುವ ಕಷ್ಟ ನಿಮಗೇ ಗೊತ್ತು. ಆದರೆ ಇವತ್ತು ಆದಾಯದ ಲೆಕ್ಕವನ್ನು ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಅಜ್ಜಿಯಂದಿರ ಕಾಲದ ಕೌದಿ, ಕಸೂತಿಗಳನ್ನು ಬರೀ ಹವ್ಯಾಸಕ್ಕಾಗಿ, ನಮ್ಮ ಮನಸ್ಸಿನ ಸಂತೋಷಕ್ಕಾಗಿ ಕಲಿಯೋಣ ಎಂಬುದು ನನ್ನ ಮಾತು.

"ಹವ್ಯಾಸ ಎಲ್ಲಾ ಅನುಕೂಲಸ್ಥರಿಗೆ, ನಮಗ್ಯಾಕೆ?" ಅಂತ ನೀವು ಕೇಳಬಹುದು. ಕೌದಿಗೆ ಏನು ಬಂಡವಾಳ ಬೇಕು ಹೇಳಿ. ಹಳೇ ಸೀರೆ, ಹರಿದ ಧೋತರ, ಒಂದು ಸೂಜಿ, ಒಂದು ರೀಲು ದಾರ, ಇಷ್ಟೇ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಅಕ್ಕಂದಿರು ಹೊಲಿಯುವ ಕೌದಿಯನ್ನು ನೋಡಿ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡುಗಳನ್ನು ಜೋಡಿಸುತ್ತಾ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳಿಗೆ ಬಟ್ಟೆ ಮಡಚಿ 'ಫೂಲಾ' ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ! ಹೊದೆಯಲು ಫೂಲಾ ಬೇಕಾಗಿಲ್ಲ. ಆದರೂ ಇಡುತ್ತಾರೆ. ಬಡತನದಲ್ಲೂ ಚೆಂದವನ್ನು ಬಿಟ್ಟುಕೊಡದ ಮನಸ್ಸು ಅದು.

ಇನ್ನು ನಮ್ಮ ಧಾರವಾಡ ಕಡೆಯ ಕಸೂತಿ. ಇದರಲ್ಲಿ ನಾಲ್ಕು ಹೊಲಿಗೆಗಳು: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿಯಲ್ಲಿ ಒಂದು ಎಡೆ ಬಿಟ್ಟು ಒಂದು ಎಡೆ ಹೊಲಿದುಕೊಂಡು ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವುದಿಲ್ಲ. ಹೀಗಾಗಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಹೀಗೆಯೇ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲಾ ಮೂಡಿದ್ದು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಸರ್ಕಾರದ ಕಾಗದ ಹೆಸರನ್ನು ಕಾಯಬಹುದು, ವಿದ್ಯೆಯನ್ನು ಕಾಯಬೇಕಾದದ್ದು ನಮ್ಮ ಬೆರಳುಗಳು.

ಹಾಗಾದರೆ ಮಾರಬಾರದೇ? ಧಾರಾಳವಾಗಿ ಮಾರಿ. ಆದರೆ ಮೊದಲ ದಿನವೇ ಮಾರುವ ಯೋಚನೆ ಬೇಡ. ಕೈ ಕುದುರುವ ಮುಂಚೆ ಆರ್ಡರ್ ಒಪ್ಪಿಕೊಂಡರೆ ಅದು ಇನ್ನೊಂದು ಕೂಲಿ ಕೆಲಸವಾಗುತ್ತದೆ, ಇನ್ನೊಂದು ತಲೆನೋವೂ ಆಗುತ್ತದೆ. ಹವ್ಯಾಸದಲ್ಲಿ ನಿಮಗೊಂದು ಲಾಭ ಉಂಟು. ಎಷ್ಟು ಹೊತ್ತು ಕೂತೆ, ಎಷ್ಟು ದಾರ ಹೋಯಿತು ಅಂತ ನಿಮಗೇ ತಿಳಿಯುತ್ತದೆ. ಮುಂದೆ ಯಾರಾದರೂ ಬಂದು "ಇದಕ್ಕೆಷ್ಟು?" ಅಂದರೆ, ಬರೀ ದಾರದ ದುಡ್ಡು ಹೇಳಬೇಡಿ. ಕೂತ ಗಂಟೆಗಳನ್ನೂ ಸೇರಿಸಿ ಹೇಳಿ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಎಂಬ ಮಾತನ್ನು ನಾವೇ ಮೊದಲು ನಂಬಬಾರದು.

ಹೇಗೆ ಶುರು ಮಾಡೋದು? ಕೌದಿಯಾದರೆ ಮೊದಲು ಮಗುವಿಗೆ ಹೊದಿಸುವಷ್ಟು ಚಿಕ್ಕದು ಸಾಕು. ಕಸೂತಿಗೆ ಎಳೆ ಸುಲಭವಾಗಿ ಎಣಿಸಲು ಬರುವ ದಪ್ಪ ನೇಯ್ಗೆಯ ಬಟ್ಟೆ ತಗೊಳ್ಳಿ. ಆರೆಳೆಯ ದಾರವನ್ನು ಬಿಡಿಸಿ ಎರಡೆಳೆ ಬಳಸಿ. ಬಣ್ಣ ಬಿಡುತ್ತದೋ ಇಲ್ಲವೋ ಅಂತ ಒಂದು ತುಂಡು ದಾರವನ್ನು ಬಿಳಿ ಬಟ್ಟೆಯ ಮೇಲೆ ಒದ್ದೆ ಮಾಡಿ ನೋಡಿ. ಹಗಲು ಬೆಳಕಿನಲ್ಲೇ ಕೂತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ಕತ್ತು, ಬೆನ್ನು ಸಡಿಲಿಸಿ. ಕಣ್ಣು ಮಂಜಾಗಿದ್ದರೆ ಡಾಕ್ಟರಿಗೆ ತೋರಿಸಿ. ಕನ್ನಡಕ ಹಾಕಿಕೊಳ್ಳೋದಕ್ಕೆ ನಾಚಿಕೆ ಬೇಡ.

ಕಲಿಸೋರು ಯಾರು? ನಿಮ್ಮ ಓಣಿಯಲ್ಲೇ ಇರ್ತಾರೆ. "ಆಯಿಗೆ ವಯಸ್ಸಾಯ್ತು, ಏನೂ ಕೆಲಸ ಆಗಲ್ಲ" ಅಂತ ಮೂಲೆಯಲ್ಲಿ ಕೂರಿಸಿರುತ್ತೇವಲ್ಲ, ಅವರ ಹತ್ತಿರ ಹೋಗಿ "ಆಯಿ, ಈ ಹೊಲಿಗೆ ಹೆಂಗ ಹಾಕೋದು?" ಅಂತ ಕೇಳಿ. ಅವರಿಗೆ ಮಾತಿಗೊಬ್ಬರು ಸಿಕ್ಕ ಹಾಗಾಯಿತು, ನಿಮಗೆ ವಿದ್ಯೆ ಸಿಕ್ಕ ಹಾಗಾಯಿತು. ಗಂಡುಮಕ್ಕಳು ಕೇಳಿದರೆ ಅವರಿಗೂ ಕಲಿಸಿ. ಸೂಜಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ಕೊನೆಯದಾಗಿ ಒಂದು ಮಾತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾವು ಮಾಡುವ ಅಡುಗೆ ಉಂಡರೆ ಮುಗಿಯಿತು, ತೊಳೆದ ಪಾತ್ರೆ ಮತ್ತೆ ಮುಸುರೆ. ಕೌದಿಗೆ ಹಾಕಿದ ಹೊಲಿಗೆ ಮಾತ್ರ ನಾಳೆಯೂ ಅಲ್ಲೇ ಇರುತ್ತದೆ. ದಿನಕ್ಕೆ ಅರ್ಧ ಗಂಟೆ "ಇದು ನನ್ನ ಹೊತ್ತು" ಅಂತ ಮನೆಯವರಿಗೆ ಧೈರ್ಯವಾಗಿ ಹೇಳಿ. ಆ ಅರ್ಧ ಗಂಟೆ ಯಾರಿಂದಲೂ ಕದ್ದದ್ದಲ್ಲ. ಮುಂದಿನ ತಿಂಗಳ ಸಭೆಗೆ ಪಾಸ್‌ಬುಕ್ ಜೊತೆಗೆ ನೀವು ಹೊಲಿದ ಒಂದು ತುಂಡನ್ನೂ ತನ್ನಿ. ವಕ್ರವಾಗಿದ್ದರೂ ಪರವಾಗಿಲ್ಲ, ಕೂತು ನೋಡೋಣ.