ಹೊಸ ಮನೆಯನ್ನು ಕಟ್ಟುವುದಕ್ಕೆ ಮುಂಚೆ ತಿಳಿಯತಕ್ಕ ವಿಷಯಗಳು



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಮದುವೆಯ ಸಾಲವು ಕೆಲವು ವರ್ಷಗಳಲ್ಲಿ ತೀರಬಹುದು. ಗಾಳಿಬೆಳಕುಗಳಿಲ್ಲದಂತೆ ಕಟ್ಟಿದ ಮನೆಯ ದೋಷವಾದರೋ ಮೊಮ್ಮಕ್ಕಳ ಕಾಲದವರೆಗೂ ಉಳಿಯುವುದು. ಆದಕಾರಣ ಗುದ್ದಲಿಪೂಜೆಗೆ ಮುಂಚೆಯೇ ಯೋಚಿಸತಕ್ಕ ಸಂಗತಿಗಳು ಕೆಲವುಂಟು.

ಇದಕ್ಕೆ ಮೈಸೂರು ನಗರವೇ ನಿದರ್ಶನ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಹೊಕ್ಕಾಗ, ಇಕ್ಕಟ್ಟಾದ ಕೇರಿಗಳ ಕತ್ತಲೆಯ ಮನೆಗಳಲ್ಲಿ ಬಹುಮಂದಿ ಮಡಿದರು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುವುದೆಂದು ಅದೇ ವರ್ಷ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕಂಡುಹಿಡಿದರು. 1903ರಲ್ಲಿ ಮೈಸೂರಿನ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ನಂಜನಗೂಡಿನ ಕಡೆಯಿಂದ ರೈಲಿನಲ್ಲಿ ಬರುವವರು ಚಾಮರಾಜಪುರಂ ನಿಲ್ದಾಣದಲ್ಲಿ ಇಳಿದು ಆ ಬಡಾವಣೆಯನ್ನು ಒಮ್ಮೆ ಸುತ್ತಿದರೆ, ನೇರವಾದ ಬೀದಿಗಳೂ ಹಳೆಯ ಮನೆಗಳ ಸುತ್ತ ಬಿಟ್ಟಿರುವ ತೆರಪೂ ಕಾಣುವುವು. ಪಟ್ಟಣವು ಪ್ರಾಣಗಳನ್ನು ತೆತ್ತು ಕಲಿತ ಪಾಠವನ್ನು ಹಳ್ಳಿಯು ಖರ್ಚಿಲ್ಲದೆ ಕಲಿಯಬಹುದು.

ಮೊದಲನೆಯದಾಗಿ ನೆಲ. ಮಳೆನೀರು ನಿಲ್ಲುವ ತಗ್ಗನ್ನೂ ಕೆರೆಯ ಅಂಗಳವನ್ನೂ ಬಿಟ್ಟು ಎತ್ತರದ ಜಾಗವನ್ನು ಆರಿಸತಕ್ಕದ್ದು. ಒಂದು ಮಳೆಗಾಲವೆಲ್ಲ ಆ ನಿವೇಶನವನ್ನು ನೋಡಿದವನು ಮೋಸಹೋಗನು. ಕೆಂಪುನೆಲದಲ್ಲಿ ಗಟ್ಟಿ ಪದರವು ಸಿಕ್ಕುವವರೆಗೆ ಪಾಯವನ್ನು ತೋಡಿದರೆ ಸಾಕು. ಎರೆನೆಲವು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಆ ಬಿರುಕುಗಳ ಆಳವನ್ನು ದಾಟಿ ಪಾಯವು ಇಳಿಯಬೇಕು. ಇಲ್ಲವಾದರೆ ಗೋಡೆ ಸೀಳುವುದು ನಿಶ್ಚಯ. ಮನೆಯ ನೆಲವು ಅಂಗಳಕ್ಕಿಂತ ಎರಡು ಅಡಿಯಾದರೂ ಮೇಲಿರಲಿ.

ಎರಡನೆಯದಾಗಿ ಗಾಳಿ, ಬೆಳಕು. ಪ್ರತಿ ಕೋಣೆಗೂ ಎದುರುಬದುರಾಗಿ ಕಿಟಕಿಗಳಿರಲಿ. ಕಳ್ಳರ ಭಯದಿಂದ ಕಿಟಕಿಯನ್ನೇ ಬಿಡದೆ ಕಟ್ಟುವವರು ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಕಬ್ಬಿಣದ ಸರಳುಗಳಿಂದ ಆ ಭಯವು ನಿವಾರಣೆಯಾಗುವುದು. ಅಡಿಗೆಯ ಹೊಗೆಗೆ ಬೇರೆ ದಾರಿ ಇರಬೇಕು, ಏಕೆಂದರೆ ಅದು ಹೆಂಗಸರ ಕಣ್ಣನ್ನೂ ಎದೆಯನ್ನೂ ಕೆಡಿಸುವುದು.

ಮೂರನೆಯದಾಗಿ ದನ, ಧಾನ್ಯ, ನೀರು. ಕೊಟ್ಟಿಗೆಯು ಮನೆಯ ಸೂರಿನಡಿಯಲ್ಲಿರದೆ ಬೇರೆಯಾಗಿರಲಿ. ತಿಪ್ಪೆಗುಂಡಿಯೂ ಕಕ್ಕಸೂ ಬಾವಿಗೆ ಐವತ್ತು ಅಡಿಗಿಂತ ಹತ್ತಿರದಲ್ಲಿ, ಅದಕ್ಕಿಂತ ಎತ್ತರದಲ್ಲಿ, ಇರಕೂಡದು. ಧಾನ್ಯವಿಡುವ ಕೋಣೆಗೆ ಕಲ್ಲುಚಪ್ಪಡಿಯ ನೆಲವನ್ನು ಹಾಕಿ ಸಂದುಗಳನ್ನು ಗಾರೆಯಿಂದ ಮುಚ್ಚಿದರೆ ಇಲಿಗೆ ಬಿಲವಿಲ್ಲ, ರೈತನಿಗೆ ನಷ್ಟವಿಲ್ಲ. ಪ್ಲೇಗಿನ ಹಿಂದಿನ ಭಯವು ಇಂದು ಇಲ್ಲದಿದ್ದರೂ ಇಲಿಜ್ವರವುಂಟು. ನಿಂತ ನೀರಿನ ಸೊಳ್ಳೆಯಿಂದ ಡೆಂಗಿಯುಂಟು. ಬಚ್ಚಲ ನೀರನ್ನು ಬೀದಿಗೆ ಬಿಡದೆ ಬಾಳೆಯ ಪಾತಿಗೋ ಇಂಗುಗುಂಡಿಗೋ ತಿರುಗಿಸತಕ್ಕದ್ದು.

ನಾಲ್ಕನೆಯದಾಗಿ ಕಾಗದಪತ್ರ. ಸಾಗುವಳಿ ಜಮೀನನ್ನು ಬೇರೆ ಉಪಯೋಗಕ್ಕೆ ತರುವುದಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಸಾಮಾನ್ಯವಾಗಿ ಅನುಮತಿ ಬೇಕು. ನಿವೇಶನವನ್ನು ಕೊಳ್ಳುವವರು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರವನ್ನು ಪಡೆದು, ಎಲ್ಲೆಕಲ್ಲುಗಳನ್ನು ಅಳತೆ ಮಾಡಿಸಿ, ಆಮೇಲೆ ಹಣ ಕೊಡತಕ್ಕದ್ದು. ಅಳೆಯಿಸದೆ ಹಾಕಿದ ಪಾಯವು ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆಯುವುದು.

ಕೊನೆಯದಾಗಿ ಗ್ರಾಮದ ಮುಖಂಡರಿಗೆ ಒಂದು ಮಾತು. ಒಬ್ಬನು ಎಷ್ಟು ಚೆನ್ನಾಗಿ ಕಟ್ಟಿದರೂ ಬೀದಿಯು ಇಕ್ಕಟ್ಟಾಗಿ ಚರಂಡಿಯು ಕಟ್ಟಿಕೊಂಡಿದ್ದರೆ ಫಲವಿಲ್ಲ. ಗೋಡೆಗಳು ಎದ್ದ ಮೇಲೆ ಬೀದಿಯನ್ನು ಅಗಲಿಸುವುದು ಬಹು ಕಷ್ಟ. ಮುಂಚೆ ಹಗ್ಗ ಹಿಡಿದು ಗುರುತು ಮಾಡುವುದು ಒಂದು ಬೆಳಗಿನ ಕೆಲಸ. ಆ ಹಗ್ಗವನ್ನು ಹಿಡಿಯತಕ್ಕವರು ಮುಖಂಡರೇ. ಅವರ ಸ್ವಂತ ಮನೆಯೇ ಆ ಗುರುತಿನಿಂದ ಮೊದಲು ಹಿಂದಕ್ಕೆ ಸರಿದರೆ, ಉಳಿದವರು ತಾವಾಗಿ ಸರಿಯುವರು.