ಸಿಡಿಲಿಗಿಂತ ಮೊದಲು ಕನ್ನಡದ ಕೂಗು ಕೇಳಲಿ!

(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತರುಣರ ಮುಂದೆ ಆಡಿದ ಮಾತು)



ಯುಗಾದಿ ಬಂತೆಂದರೆ ನಮ್ಮ ನಾಲ್ಕೂ ತಾಲೂಕುಗಳ ನೆಲ ಕಾದ ಹಂಚಾಗುತ್ತದೆ. ಕಾದ ಗಾಳಿ ಮೇಲೇರುತ್ತದೆ. ಕಡಲ ಕಡೆಯ ತೇವ ಅದಕ್ಕೆ ಕೂಡಿದರೆ ಸಂಜೆಯಷ್ಟರಲ್ಲಿ ಮುಗಿಲು ಕಪ್ಪಿಟ್ಟು ಬಿರುಗಾಳಿ, ಆಲಿಕಲ್ಲು, ಸಿಡಿಲು!

ಅಮೆರಿಕದಲ್ಲಿ ವಸಂತ ಕಾಲಕ್ಕೆ ಮನೆಗಳನ್ನೇ ಕಿತ್ತೊಯ್ಯುವ ಸುಂಟರಗಾಳಿ ಏಳುತ್ತದೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಮೊದಲೇ ತಾಲೀಮು ಮಾಡಿಸುತ್ತಾರೆ. ನಮ್ಮಲ್ಲಿ ಸಿಡಿಲಿದೆ, ತಾಲೀಮು ಎಲ್ಲಿದೆ? 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದ್ದನ್ನು ಕಂಡವರು ನಾವು. ಹೊಳೆ ಏರುವುದು ಕಣ್ಣಿಗೆ ಕಾಣುತ್ತದೆ. ಸಿಡಿಲು ಹಾಗಲ್ಲ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಲೇ ಕಿರುಚಿದ್ದು ನೆನಪಿದೆಯೇ? ಅದು ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ. ಕನ್ನಡದಲ್ಲೂ ಬಂತು, ಸಂತೋಷ. ಆದರೆ ‘ಆರೆಂಜ್ ಅಲರ್ಟ್’ ಎಂದರೆ ಕುರಿ ಕಾಯುವ ಕಾಕಾನಿಗೆ ಏನು ತಿಳಿದೀತು? ‘ಕಾಕಾ, ಗುಡುಗಾಕತ್ತೈತಿ, ಗಿಡದ ಬುಡಕ ನಿಂದರಬ್ಯಾಡ, ಲಗೂನ ಮನಿಯೊಳಗ ಬಾ’ ಎಂದರೆ ತಿಳಿಯುತ್ತದೆ. ಜೀವ ಉಳಿಸುವ ಕನ್ನಡ ಇದು! ಇದನ್ನು ಹೇಳಬೇಕಾದವರು ಕೈಯಲ್ಲಿ ಮೊಬೈಲ್ ಹಿಡಿದ ನೀವು. ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ 20, 40 ಕಿಲೋಮೀಟರ್ ಸುತ್ತಲಿನ ಸಿಡಿಲು ತೋರಿಸುತ್ತದೆ. ನೋಡಿ, ಊರಿಗೆ ಫೋನ್ ಹಚ್ಚಿ.

ತಾಲೀಮಿನ ಪಾಠ ಸುಲಭ. ಮಿಂಚು ಕಂಡಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಗಟ್ಟಿ ಮನೆಯೊಳಗೆ ನಡೆಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಬಯಲಲ್ಲಿ ಸಿಕ್ಕಿಬಿದ್ದರೆ ಗಿಡ, ಕಂಬ, ತಂತಿಬೇಲಿ, ನೀರಿನಿಂದ ದೂರ ಸರಿಯಿರಿ. ಗುಂಪುಗೂಡಬೇಡಿ, ನೆಲಕ್ಕೆ ಮಲಗಬೇಡಿ. ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬುದು ಸುಳ್ಳು. ಅವರನ್ನು ಬಿಟ್ಟು ಓಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರು ನಿಂತಿದ್ದರೆ ಇನ್ನೊಬ್ಬರು ಎದೆ ಒತ್ತುತ್ತಿರಲಿ.

ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳೇ, ಮಗ್ಗದ ಶೆಡ್ಡಿನ ಪತ್ರಾಸಿನ ಮೇಲೆ ಕಲ್ಲು ಹೇರಿದರೆ ಸಾಲದು. ಬಿರುಗಾಳಿಗೆ ಆ ಕಲ್ಲೇ ತಲೆಗೆ ಬೀಳುತ್ತದೆ. ಹುಕ್ಕು ಹಾಕಿ ಬೋಲ್ಟ್ ಬಿಗಿಸಿ. ಗುಡುಗುವ ಮುನ್ನ ಮೇನ್ ಸ್ವಿಚ್ ಆರಿಸಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವಾಗಬಾರದು. ಪ್ರತಿ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಓಣಿ ಓಣಿಯಲ್ಲಿ ಈ ತಾಲೀಮು ನಡೆಯಲಿ. ಗುಡಿಯ ಮೈಕು, ಮಸೀದಿಯ ಮೈಕು ಎರಡೂ ಕೂಗಲಿ. ಶಾಲೆಯ ಮಕ್ಕಳು ಎಣಿಸಲು ಕಲಿಯಲಿ. ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಬೀದಿಗಿಳಿದವರು ನಾವು. ಹೊಲದಲ್ಲಿ ನಿಂತ ಕನ್ನಡಿಗನ ಜೀವಕ್ಕಾಗಿ ಒಂದು ದಿನ ಇಳಿಯಲಾರೆವೇ?

ಕನ್ನಡ ಉಳಿಯಬೇಕಾದರೆ ಕನ್ನಡಿಗ ಉಳಿಯಬೇಕು. ಏಳಿ!

ಸಿರಿಗನ್ನಡಂ ಗೆಲ್ಗೆ!